ಪರದೆ ನಮ್ಮ ಕಡೆ ತಿರುಗಿದಾಗ

ಮಂಗಳವಾರ, ಮಧ್ಯಾಹ್ನ

ಅಕ್ಕನಿಗೆ,

ನನ್ನ ಹೊಟ್ಟೆ ಊದಿಕೊಳ್ಳುತ್ತಿರುವುದು ನಿನ್ನ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ನನಗೆ ಗೊತ್ತಿತ್ತು. ಭಾವನ ಹಳೇ ಶರ್ಟು ತೊಟ್ಟು ಮುಚ್ಚಿಟ್ಟೆ. ಕಾಯಿಲೆಗೆ ಹೆದರಿ ಅಲ್ಲ, ನಿನ್ನ ಬಾಯಿಗೆ ಹೆದರಿ. ಚೆನ್ನಾಗಿದ್ದೀಯಾ? ಉತ್ತರ ತಡವಾಯಿತು, ತಪ್ಪು ತಿಳಿಯಬೇಡ ಎಂದು ಬರೆಯಬೇಕು. ಬೇಕೆಂದೇ ತಡಮಾಡಿದೆ, ಏನು ಬೇಕಾದರೂ ತಿಳಿದುಕೋ.

ನೀನು ಕೇಳಿದ ಸುದ್ದಿ ಇಷ್ಟು. ಎಂಆರ್‌ಐ ಆಯಿತು. ಕೊಳವೆಯೊಳಗೆ ಮಲಗಿಸಿ, ಕಿವಿಗೆ ಹತ್ತಿ ತುರುಕಿ, ಅಲುಗಾಡಬೇಡ ಎಂದರು. ಒಂದು ಪಾಠ ಮುಗಿಯುವವರೆಗೂ ಬೆಂಚಿನಲ್ಲಿ ಕೂರಲಾರದೆ, ಮಿಡತೆ ಎನಿಸಿಕೊಂಡು ಶಾಲೆ ಬಿಟ್ಟವಳು ಕಲ್ಲಿನ ಹಾಗೆ ಮಲಗಿದ್ದೆ. ಗಡ್ಡೆ ಇರುವುದು ಎಡಗಡೆಯ ಅಂಡಾಶಯದಲ್ಲಿ. ಒಳಗೆ ಬರೀ ನೀರಿದ್ದಿದ್ದರೆ ಚಿಂತೆ ಕಡಿಮೆಯಂತೆ. ಇದರ ಒಂದು ಮೂಲೆ ಗಟ್ಟಿಯಾಗಿದೆ.

"ಕ್ಯಾನ್ಸರಾ?" ಎಂದೆ.

"ಚಿತ್ರ ನೋಡಿ ಅನುಮಾನ ಪಡಬಹುದಮ್ಮ, ತೀರ್ಮಾನ ಮಾಡೋಕಾಗಲ್ಲ. ತೆಗೆದು ಪರೀಕ್ಷೆಗೆ ಕಳಿಸಿದ ಮೇಲೇ ಗೊತ್ತಾಗೋದು," ಎಂದರು ಡಾಕ್ಟರಮ್ಮ.

ಆಪರೇಷನ್ನಿಗೆ ನೀನು ಬರುವುದು ಬೇಡ. ನಾನು ಕೆಲಸ ಮಾಡುವ ಗ್ಯಾರೇಜಿನ ಯಜಮಾನರ ಹೆಂಡತಿ ಜೊತೆಗಿರುತ್ತಾರೆ. "ಸ್ಪ್ಯಾನರ್ ಎಲ್ಲಿಗೂ ಓಡಿಹೋಗಲ್ಲ, ಮೊದಲು ನೀನು ರಿಪೇರಿಯಾಗು," ಎಂದರು ಯಜಮಾನರು. ನನ್ನ ಹೊಟ್ಟೆ ನೋಡಿ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನೀನು ಕೇಳಿದ್ದೆ, ಅಡುಗೆಮನೆಯ ಬಾಗಿಲು ಹಾಕಿಕೊಂಡು: "ಯಾವನೇ ಅವನು?"

ಅಕ್ಕನ ಮೇಲೆ ಯಾಕಿಷ್ಟು ಹಗೆ, ಸ್ಕ್ಯಾನಿಗೆ ಕರೆದುಕೊಂಡು ಹೋದವಳು ಅವಳೇ ಅಲ್ಲವಾ ಎನ್ನುತ್ತಾಳೆ ಅಮ್ಮ. ಹೌದು, ನೀನೇ. ನೀರು ಕುಡಿಸಿ ಕುಡಿಸಿ, ಕೈ ಹಿಡಿದು ದರದರ ಎಳೆದುಕೊಂಡು ಹೋದೆ. ಡಾಕ್ಟರು ಪರದೆ ನಮ್ಮ ಕಡೆ ತಿರುಗಿಸಿದರು. ನನಗೆ ಅದರಲ್ಲಿ ಬೂದಿ ಬಣ್ಣದ ಮೋಡ ಬಿಟ್ಟು ಏನೂ ಕಾಣಲಿಲ್ಲ. ನೀನು ಅವರಿಗೆ ಬಾಯಿ ತೆರೆಯಲೂ ಬಿಡಲಿಲ್ಲ. "ಎಷ್ಟು ತಿಂಗಳು, ಡಾಕ್ಟ್ರೇ?"

ಆವತ್ತೇ ನಿನ್ನ ಮನೆ ಬಿಟ್ಟೆ. ಆ ಪ್ರಶ್ನೆಗೆ ಸಿಟ್ಟಾಗಿ ಹೋದಳು ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದೀಯಂತೆ. ಹೇಳಿಕೋ.

ನಿನ್ನ ಮಕ್ಕಳು ಚೆನ್ನಾಗಿರಲಿ. ಅವು ಹೊಟ್ಟೆನೋವು ಎಂದರೆ ಮೊದಲು ಎಲ್ಲಿ ನೋಯುತ್ತದೆ ಎಂದು ಕೇಳು.

ಇಂತಿ,
ನಿಮ್ಮೆಲ್ಲರ ಬಾಯಲ್ಲಿ ಮಿಡತೆ

ಇನ್ನೊಂದು ಮಾತು: ನಾನು ಹೋದದ್ದು ಆ ಪ್ರಶ್ನೆಗಲ್ಲ. "ಗರ್ಭಕೋಶ ಖಾಲಿ ಇದೆ, ಇದು ಗಡ್ಡೆ," ಎಂದರಲ್ಲ ಡಾಕ್ಟರು, ಆಗ ನೀನು ಹೊರಗೋಡಿ ಅಮ್ಮನಿಗೆ ಫೋನ್ ಮಾಡಿದೆ. ನಾನು ಒಳಗೆ ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳುತ್ತಿದ್ದೆ. ಬಾಗಿಲು ತೆರೆದೇ ಇತ್ತು. "ಅಮ್ಮಾ, ಬಚಾವಾದ್ವಿ. ಬರೀ ಗಡ್ಡೆಯಂತೆ." ನೀನು ನಗುತ್ತಿದ್ದೆ, ಅಕ್ಕ.

ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೊರಡುತ್ತೇನೆ.