ಗುಲಾಬಿಯಮ್ಮನ ತೂಕ

ಕಡಲವರ ಪೇಟೆ, ಬೀದರ್
ಫೆಬ್ರವರಿ ೩೧, ೨೧೮೭

ಹಿರಿಯರೇ,

ಮೇಲಿನ ತಾರೀಖನ್ನು ಕೈತಪ್ಪು ಎಂದುಕೊಳ್ಳಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ಪಂಚಾಂಗ ತಿದ್ದಿದಾಗ ಫೆಬ್ರವರಿಯ ಕೊರತೆಯನ್ನು ತುಂಬಿಕೊಟ್ಟರು. ಈ ದಿನ ನಮಗೆ ಉಳಿದ ದಿನಗಳಂತೆಯೇ ಬೆಳಗಾಗುತ್ತದೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ಅಪರಿಚಿತ ಎನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಕಡಲು ನುಂಗಿದ ಅಂಕೋಲೆಯಿಂದ ಬಂದ ನಾವೂ ಬೀದರಿನವರೂ ಒಂದೇ ನಲ್ಲಿಯ ನೀರು ಕುಡಿಯತೊಡಗಿದ ಮೇಲೆ ಮಾತು ಬೆರೆತುಹೋಗಿದೆ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಬರೆಯುವವರ ಅಂಚೆ. ಅಲ್ಲಿಂದ ಉತ್ತರ ಬರುವುದಿಲ್ಲ. ಎದುರಿಗಿರುವವರಿಗೆ ಹೇಳಲಾಗದ್ದನ್ನು ಹೇಳುವುದಕ್ಕೆ ಅದೇ ಅನುಕೂಲ ಎಂದು ಬಹಳ ಜನ ಬರೆಯುತ್ತಾರೆ. ನಾನೂ ಅವರಲ್ಲಿ ಒಬ್ಬಳು.

ನನ್ನ ಹೆಸರು ಬೀರಮ್ಮ. ಪೇಟೆಯ ಮೂಲೆಯಲ್ಲಿ ನನ್ನದೊಂದು ಕೂತುಹಾರು ರಿಪೇರಿ ಅಂಗಡಿ ಇದೆ. ಮನೆಯಲ್ಲಿ ಕುರ್ಚಿಯ ಮೇಲೆ ಕೂತೇ ಹಾರಿಸುವ ಯಂತ್ರಕ್ಕೆ ನಾವು ಕೂತುಹಾರು ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಅದಕ್ಕೆ ಸಿಮ್ಯುಲೇಟರ್ ಎನ್ನುತ್ತಿದ್ದರಂತೆ, ಮೇಜಿನ ಅಂಚಿಗೆ ಜಾಯ್‌ಸ್ಟಿಕ್ ಬಿಗಿದು ಆಡುತ್ತಿದ್ದರಂತೆ. ಈಗ ಹೊಲಿಗೆ ಯಂತ್ರ ಇಲ್ಲದ ಮನೆ ಇದ್ದೀತು, ಕೂತುಹಾರು ಇಲ್ಲದ ಮನೆ ಇಲ್ಲ. ಸಂಜೆ ಊಟಕ್ಕೆ ಮೊದಲು ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಒಂದು ಸುತ್ತು ಹಾರಿ, ಮುಳುಗಿದ ತಮ್ಮ ಊರುಗಳ ಮೇಲೆ ತಿರುಗಾಡಿ ಬರುತ್ತಾರೆ. ನಿಜವಾಗಿ ಎಲ್ಲಿಗಾದರೂ ಹೋಗಬೇಕಾದರೆ ತನ್‌ಹಾರಿ ಇದೆ, ತನ್ನಷ್ಟಕ್ಕೆ ತಾನೇ ಹಾರುವ ಬಂಡಿ. ಆದರೆ ಬಿರುಗಾಳಿ ಎದ್ದರೆ ಅದು ನೆಲ ಬಿಟ್ಟು ಏಳುವುದಿಲ್ಲ. ಹಾಗಾಗಿ ನೆರವಿನ ಪಡೆಯವರು ಇಂದಿಗೂ ಮನುಷ್ಯನ ಕೈ ನಡೆಸುವ ಹಳೆಯ ಹೆಲಿಕಾಪ್ಟರ್‌ಗಳನ್ನು ಇಟ್ಟುಕೊಂಡಿದ್ದಾರೆ. ನನ್ನ ಅಪ್ಪ ಹಮ್ಮಣ್ಣ ನಾಯಕ ಅಂಥದ್ದನ್ನು ಹಾರಿಸುತ್ತಿದ್ದವನು.

ದೊಡ್ಡ ಉಬ್ಬರ ಬಂದು ಅಂಕೋಲೆಯ ಸೀಮೆ ಕಡಲಿನ ಪಾಲಾದ ದಿನ ಅಪ್ಪ ಒಂದು ಶಾಲೆಯ ತಾರಸಿಯ ಮೇಲೆ ಇಳಿದ. ಅಲ್ಲಿದ್ದವರೆಲ್ಲ ಹತ್ತಿದರು. ಅಪ್ಪ ಎಷ್ಟು ಎಳೆದರೂ ಯಂತ್ರ ಏಳಲಿಲ್ಲ. ಒಬ್ಬರು ಇಳಿಯಬೇಕು ಎಂದು ಅಪ್ಪನೇ ಹೇಳಿದ. ಸ್ವಲ್ಪ ಹೊತ್ತು ಯಾರೂ ಅಲ್ಲಾಡಲಿಲ್ಲ. ಆಮೇಲೆ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಗುಲಾಬಿಯಮ್ಮ ತನ್ನ ಮಗನನ್ನು ಪಕ್ಕದವರ ಮಡಿಲಿಗೆ ಕೊಟ್ಟು ಇಳಿದಳು. "ಹೋಗ್ಬನ್ನಿ, ನಾ ಇಲ್ಲೇ ಇರ್ತೆ" ಎಂದಳಂತೆ. ಅಪ್ಪ ತಿರುಗಿ ಹೋದಾಗ ತಾರಸಿ ಇರಲಿಲ್ಲ. ಆ ಮಗ ಉದಯ ಈಗ ನಮ್ಮ ಪೇಟೆಯಲ್ಲೇ ಬಿದರಿ ಕೆಲಸ ಮಾಡಿಕೊಂಡಿದ್ದಾನೆ. ಅಪ್ಪನನ್ನು ಮಾಮ ಎಂದು ಕರೆಯುತ್ತಿದ್ದ, ಹಬ್ಬಕ್ಕೆ ಬಂದು ಉಂಡು ಹೋಗುತ್ತಿದ್ದ. ಆ ದಿನದ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಕೈ ನಡುಗತೊಡಗಿದ ಮೇಲೆ ಅಪ್ಪನಿಗೆ ಹಾರಾಟ ನಿಂತಿತು. ಬಾಗಿಲಲ್ಲಿ ಕೂತು ಆಕಾಶ ನೋಡುವುದನ್ನು ಕಂಡು ನಾನು ಅಂಗಡಿಯಿಂದ ಒಂದು ಕೂತುಹಾರು ತಂದು ಹೊರಕೋಣೆಯಲ್ಲಿ ಕೂರಿಸಿದೆ. ಅಪ್ಪ ಕೂತ, ಎರಡು ನಿಮಿಷ ಹಾರಿಸಿದ, ನಕ್ಕುಬಿಟ್ಟ.

"ಇದು ಎಂತ ಮಗಾ, ಬಿಟ್ಟರೆ ತಾನೇ ನಡುವಿಗೆ ಬರ್ತದೆ" ಎಂದ. ಕಾಲುಗಳ ನಡುವಿನ ಕೋಲಿನ ಮಾತು ಅದು. ಯಂತ್ರವನ್ನು ಮುಂದೆ ಹಿಂದೆ ಅಕ್ಕಪಕ್ಕ ವಾಲಿಸುವ ಅದಕ್ಕೆ ನಾವು ವಾಲುಗೋಲು ಎನ್ನುತ್ತೇವೆ, ನಿಮ್ಮವರು ಸೈಕ್ಲಿಕ್ ಎನ್ನುತ್ತಿದ್ದರು. "ಒಳಗೆ ಸ್ಪ್ರಿಂಗ್ ಇಟ್ಟಿದ್ದಾರೆ. ನಿಜವಾದ್ದು ಹೀಗಲ್ಲ. ಬಿಟ್ಟಲ್ಲೇ ಇರ್ತದೆ, ಇಲ್ಲಾ ಬಿದ್ದು ಹೋಗ್ತದೆ. ನಡು ಎಲ್ಲಿ ಅಂತ ಕೈಯೇ ಹುಡುಕ್ಬೇಕು."

ಎಡಗಡೆಯ ಎತ್ತುಗೋಲಿನ ಕತೆ ಇನ್ನೂ ಕೆಟ್ಟದಾಗಿತ್ತು. ಇಡೀ ಯಂತ್ರವನ್ನು ನೆಲದಿಂದ ಎತ್ತುವುದು ಅದು. ಹಳೆಯ ಹೆಸರು ಕಲೆಕ್ಟಿವ್. ನಿಜವಾದ ಹೆಲಿಕಾಪ್ಟರ್‌ನಲ್ಲಿ ಅದು ಕುರ್ಚಿಯ ಪಕ್ಕದಲ್ಲಿ ಕೆಳಗಿರುತ್ತದೆ, ಬಾವಿಯಿಂದ ಕೊಡ ಎಳೆದಂತೆ ಮೇಲಕ್ಕೆ ಎಳೆಯಬೇಕು. ಮನೆಯ ಯಂತ್ರದಲ್ಲಿ ಅದರ ಬದಲು ಮೇಜಿನ ಮೇಲೆ ಒಂದು ಚಿಕ್ಕ ಹಿಡಿ. ಮುಂದಕ್ಕೆ ತಳ್ಳಿದರೆ ಮೇಲೇರುತ್ತದೆ. ಅಪ್ಪನ ಕೈ ಪ್ರತಿ ಸಲವೂ ಉಲ್ಟಾ ಎಳೆದು ಯಂತ್ರವನ್ನು ನೆಲಕ್ಕೆ ಕುಕ್ಕುತ್ತಿತ್ತು. ಪೆಡಲ್‌ಗಳೂ ಹಾಗೆಯೇ. ಎತ್ತುಗೋಲು ಎಳೆದಾಗ ಮೂತಿ ಒಂದು ಕಡೆ ತಿರುಗಲು ನೋಡುತ್ತದೆ, ಅದನ್ನು ಕಾಲಿನಿಂದ ತಡೆಯಬೇಕು, ಎಷ್ಟು ಎಂಬುದು ಸೊಂಟಕ್ಕೆ ತಿಳಿಯುತ್ತದೆ. "ಇಲ್ಲಿ ಸೊಂಟಕ್ಕೆ ಕೆಲಸವೇ ಇಲ್ಲ" ಎಂದು ಎದ್ದುಹೋದ.

ನನಗೆ ಹಟ ಬಂತು. ಸ್ಪ್ರಿಂಗ್‌ಗಳನ್ನು ಕಿತ್ತು ಚರ್ಮದ ವಾಷರ್ ಹಾಕಿದೆ. ನೀರಿನ ಪೈಪು ಬಗ್ಗಿಸಿ ಎತ್ತುಗೋಲು ಮಾಡಿ ಕುರ್ಚಿಯ ಎಡಕ್ಕೆ ಕೂರಿಸಿದೆ. ನಿಜವಾದ ಯಂತ್ರದ ಅದುರು ಬರಲೆಂದು ಹಿಟ್ಟಿನ ಗಿರಣಿಯ ಹಳೇ ಮೋಟಾರೊಂದನ್ನು ಕುರ್ಚಿಯ ಕೆಳಗೆ ಬಿಗಿದಾಗ ಅಪ್ಪನ ಹಲ್ಲು ಅಲುಗಿದವು. ಭಾರ ಹೆಚ್ಚಾಗಿ ರೆಕ್ಕೆಯ ವೇಗ ಇಳಿದರೆ ನಿಜವಾದ ಯಂತ್ರದಲ್ಲಿ ಒಂದು ಹಾರ್ನ್ ಕೂಗುತ್ತದೆ. ಅದನ್ನೂ ಅಪ್ಪ ಬಾಯಲ್ಲಿ ಕೂಗಿ ತೋರಿಸಿ ನನ್ನಿಂದ ಅದೇ ಸ್ವರಕ್ಕೆ ಹೊಂದಿಸಿಕೊಂಡ. ಮಳೆಗಾಲ ಮುಗಿಯುವಷ್ಟರಲ್ಲಿ ಅಪ್ಪ ನಗುವುದನ್ನು ಬಿಟ್ಟು ಹಾರಿಸತೊಡಗಿದ. ನನಗೆ ಹೆಮ್ಮೆಯಾಯಿತು. ಆಗ ಅಪ್ಪ ಒಂದು ತಾರಸಿಯ ಚಿತ್ರ ಬರೆದು, ಇದನ್ನು ಅದರೊಳಗೆ ಕಟ್ಟಿಕೊಡು ಎಂದ. ಯಾರು ಯಾರು ಹತ್ತಿದ್ದರು, ಎಷ್ಟೆಷ್ಟು ತೂಕವಿದ್ದಾರು ಎಂಬುದನ್ನೆಲ್ಲ ಹೇಳಿದ. ಕಟ್ಟಿಕೊಟ್ಟೆ.

ಆಮೇಲೆ ಅಪ್ಪ ಬೇರೆಲ್ಲೂ ಹಾರಲಿಲ್ಲ. ಬೆಳಗಿನ ಗಂಜಿಯಾದ ಮೇಲೆ ಹೊರಕೋಣೆ ಸೇರುವುದು, ತಾರಸಿಯ ಮೇಲೆ ಇಳಿಯುವುದು, ಗುಲಾಬಿಯಮ್ಮನನ್ನು ಕೂರಿಸಿಕೊಂಡು ಎಳೆಯುವುದು. ಹಾರ್ನ್ ಕೂಗುವುದು ಬೀದಿಗೆ ಕೇಳಿಸುತ್ತಿತ್ತು. ಒಂದು ದಿನ ಕೇಳಿದೆ, ಎಂತಕ್ಕೆ ಅಪ್ಪಾ ಇದು ಎಂದು.

"ಆ ದಿನ ಹಾರ್ನ್ ಕೇಳಿದ್ದೇ ಕೋಲು ಇಳಿಸ್ದೆ ಮಗಾ" ಎಂದ. "ಇನ್ನೊಂದು ಬೆರಳಷ್ಟು ಎಳೀಬೋದಿತ್ತೋ ಏನೋ. ಎಳ್ದು ನೋಡ್ಲಿಲ್ಲ."

ಅಪ್ಪ ಬಡಕಲಾದ. ತಟ್ಟೆಯಲ್ಲಿ ಮೀನು ಹಾಗೇ ಉಳಿಯುತ್ತಿತ್ತು. ನನಗೆ ನೋಡಲಾಗಲಿಲ್ಲ. ಅಪ್ಪ ಸಂತೆಗೆ ಹೋದಾಗ ಯಂತ್ರದ ಲೆಕ್ಕದೊಳಗೆ ಕೈಹಾಕಿ ಒಬ್ಬರ ತೂಕ ತೆಗೆದುಬಿಟ್ಟೆ. ಒಂದು ಸಲ ಎತ್ತಿಬಿಡಲಿ, ಒಂದು ಸಲ ಆಕೆಯನ್ನು ಕರೆದುಕೊಂಡು ಬಂದುಬಿಡಲಿ, ಎದೆಯ ಕಲ್ಲು ಇಳಿದೀತು ಎಂದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಮಾರನೆಯ ಬೆಳಿಗ್ಗೆ ಹಾರ್ನ್ ಕೂಗಲಿಲ್ಲ. ನಾನು ಒಲೆಯ ಮುಂದೆ ನಿಂತು ಕಿವಿಗೊಟ್ಟೆ. ಮೋಟಾರು ಒಂದೇ ಸಮ ಗುಂಯ್‌ಗುಡುತ್ತಾ ಹೋಯಿತು, ಆಮೇಲೆ ನಿಂತಿತು. ಹೊರಬಂದ ಅಪ್ಪನ ಮುಖದಲ್ಲಿ ನಾನು ಕಾದಿದ್ದದ್ದು ಏನೂ ಇರಲಿಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ, ಎಲ್ಲಿಗೆ ಎಂದರೆ ಹೇಳದೆ ನಡೆದ. ಹೋದದ್ದು ಉದಯನ ಮನೆಗೆ. ಅವನ ಹೆಂಡತಿ ಮಕ್ಕಳ ಎದುರಿಗೇ ನಿಂತು, "ನಿನ್ನ ಅವ್ವನ್ನ ಎತ್ತೋಕಾಗ್ತಿತ್ತು. ನಾ ಎತ್ಲಿಲ್ಲ" ಎಂದನಂತೆ. ಉದಯ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು ಬಾಗಿಲು ಹಾಕಿಕೊಂಡ.

ನನ್ನ ಬುದ್ಧಿಗೆ ಅದು ಹೊಳೆದೇ ಇರಲಿಲ್ಲ. ಎತ್ತಲಾಗದು ಎಂಬ ಒಂದು ಮಾತನ್ನು ಹಿಡಿದುಕೊಂಡೇ ಅಪ್ಪ ಅಷ್ಟು ವರ್ಷ ಬದುಕಿದ್ದ. ನಾನು ಅದನ್ನೇ ಕಿತ್ತುಕೊಂಡಿದ್ದೆ.

ಅಂದೇ ಅಪ್ಪನ ಕಾಲು ಹಿಡಿದು ನಿಜ ಹೇಳಿದೆ. ತೂಕ ತೆಗೆದದ್ದು ನಾನು, ಯಂತ್ರ ಹೇಳಿದ್ದು ಸುಳ್ಳು ಎಂದೆ. ಅಪ್ಪ ನನ್ನ ತಲೆ ಸವರಿದ. "ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ ಮಗಾ" ಎಂದ. ಲೆಕ್ಕ ತೆಗೆದು ತೋರಿಸಿದೆ. ಅದನ್ನು ನಾನು ಈಗಷ್ಟೇ ತಿದ್ದಿಟ್ಟದ್ದು ಅಂದುಕೊಂಡ. ಉದಯನ ಬಾಗಿಲಿಗೆ ಹೋದೆ. ಅವನು ಹೊಸ್ತಿಲ ಒಳಗೇ ನಿಂತು ಕೇಳಿಸಿಕೊಂಡ.

"ಮಾಮ ಎತ್ತಬಹುದಿತ್ತು ಅಂತಾರೆ, ನೀವು ಆಗ್ತಿರ್ಲಿಲ್ಲ ಅಂತೀರಿ. ಇಬ್ಬರೂ ಅದೇ ಆಟದ ಸಾಮಾನು ನೋಡಿ ಹೇಳೋದು. ನಾ ಯಾವುದನ್ನ ನಂಬಲಿ ಅಕ್ಕಾ?"

ಅದಕ್ಕೆ ಮನೆಯ ಯಂತ್ರದಲ್ಲಿ ಉತ್ತರವಿರಲಿಲ್ಲ. ಊರ ಹೊರಗಿನ ನೆರವಿನ ಬಯಲಲ್ಲಿ ಶಕೀಲಾ ಬೇಗಂ ಎಂಬಾಕೆ ಹೊಸಬರಿಗೆ ಹೆಲಿಕಾಪ್ಟರ್ ಕಲಿಸುತ್ತಾರೆ. ಅಪ್ಪ ಹಾರಿಸುತ್ತಿದ್ದ ಜಾತಿಯದೇ ಒಂದು ಯಂತ್ರ ಅವರಲ್ಲಿದೆ, ಕಲಿಸುವವರಿಗೂ ಕಲಿಯುವವರಿಗೂ ಬೇರೆ ಬೇರೆ ಕೋಲುಗಳಿರುವಂಥದ್ದು. ಅವರ ಮುಂದೆ ಎಲ್ಲವನ್ನೂ ಹೇಳಿಕೊಂಡೆ.

"ಕರ್ಕೊಂಡು ಬರ್ರಿ" ಎಂದರು. "ಆದ್ರ ಬೀದರಿನ ಗಾಳಿ ತೆಳುವು ಅದ. ಸಮುದ್ರದ ದಂಡ್ಯಾಗ ಎತ್ತಿದಷ್ಟು ಇಲ್ಲಿ ಎತ್ತಂಗಿಲ್ಲ. ಅಷ್ಟು ತೂಕ ಕಡಿಮಿ ಇಟ್ಟೇ ನೋಡಬೇಕು. ಇಲ್ಲಂದ್ರ ಅದೂ ಮೋಸನೇ."

ಉದಯನನ್ನು ಒಪ್ಪಿಸಲು ಮತ್ತೆ ಮತ್ತೆ ಹೋಗಬೇಕಾಯಿತು. ಕೊನೆಗೆ ಅವನು ಬಂದದ್ದು ನನ್ನ ಮೇಲಿನ ಸಿಟ್ಟಿನಿಂದಲೇ ಇರಬೇಕು. ಶಕೀಲಾ ಅವರು ಅಂದು ಹತ್ತಿದ್ದವರ ತೂಕಕ್ಕೆ ಮರಳಿನ ಚೀಲಗಳನ್ನು ತೂಗಿ ತೂಗಿ ಒಳಗೆ ಇಡಿಸಿದರು, ಗಾಳಿಯ ಲೆಕ್ಕಕ್ಕೆ ಕೆಲವನ್ನು ತೆಗೆಸಿದರು. ಅವ್ವ ಎಲ್ಲಿ ಕೂತಿದ್ದಳು ಎಂದು ಉದಯ ಕೇಳಿದ. ಅಪ್ಪ ಬೆರಳು ತೋರಿಸಿದ. ಅವನು ಹೋಗಿ ಅಲ್ಲೇ ನೆಲದ ಮೇಲೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ತಾಯಿಗಿಂತ ಅವನು ಭಾರವೆಂದು ಇನ್ನೊಂದು ಚೀಲ ಇಳಿಸಿದರು. ಅಪ್ಪನೂ ಶಕೀಲಾ ಅವರೂ ಮುಂದಿನ ಕುರ್ಚಿಗಳಲ್ಲಿ ಕೂತರು, ನಾನು ಬಯಲಲ್ಲಿ ನಿಂತೆ. ಒಳಗಿನ ಮಾತು ಕೇಳುವಂತೆ ಶಕೀಲಾ ಅವರು ನನಗೂ ಒಂದು ಹೆಡ್‌ಫೋನ್ ಕೊಟ್ಟಿದ್ದರು.

ಅಪ್ಪ ಎತ್ತುಗೋಲು ಎಳೆದ. ರೆಕ್ಕೆಯ ಸದ್ದು ದಪ್ಪವಾಯಿತು. ಯಂತ್ರ ಕಾಲ ಮೇಲೆ ಹಗುರಾದಂತೆ ಕಂಡಿತು, ನಡುಗಿತು, ನೆಲ ಬಿಡಲಿಲ್ಲ. ಹಾರ್ನ್ ಕೂಗಿತು. ನಾನು ಅಂಗಡಿಯಲ್ಲಿ ಹೊಂದಿಸಿದ್ದ ಹಾರ್ನ್ ಇದರ ಮುಂದೆ ಏನೂ ಅಲ್ಲ. ಇದು ಎಲುಬಿಗೆ ಕೇಳಿಸುತ್ತಿತ್ತು.

"ಇನ್ನೊಂದು ಬೆರಳು" ಎಂದಿತು ಅಪ್ಪನ ದನಿ.

"ಎಳೀರಿ. ನನ್ನ ಕೈಯೂ ಕೋಲಿನ ಮ್ಯಾಲೇ ಅದ" ಎಂದರು ಶಕೀಲಾ.

ಅಪ್ಪ ಎಳೆದ. ಯಂತ್ರ ಏಳುವ ಬದಲು ಮೂತಿ ಪಕ್ಕಕ್ಕೆ ಹೊರಳಿತು, ರೆಕ್ಕೆ ಸೋತಂತೆ ನಿಧಾನವಾಯಿತು, ಇಡೀ ಒಡಲು ಒಂದು ಕಡೆಗೆ ವಾಲಿ ಕುಸಿಯಿತು. ಇನ್ನು ಸ್ವಲ್ಪ ಎಳೆದಿದ್ದರೆ ಮಗುಚುತ್ತಿತ್ತು ಎಂದು ನನ್ನಂಥ ಕುರ್ಚಿಯವಳಿಗೂ ತಿಳಿಯಿತು. ಶಕೀಲಾ ಏನೂ ಹೇಳುವ ಮೊದಲೇ ಉದಯನ ದನಿ ಕೇಳಿತು.

"ಸಾಕು ಮಾಮಾ. ಇಳ್ಸಿ."

ಅಪ್ಪ ಕೋಲು ಇಳಿಸಿದ. ಉದಯ ಹೆಡ್‌ಫೋನ್ ತೆಗೆದಿಟ್ಟು, ಬೆನ್ನು ಬಗ್ಗಿಸಿಕೊಂಡು ಹೊರಬಂದು, ಧೂಳಿನಲ್ಲಿ ನನ್ನ ಪಕ್ಕ ನಿಂತ. ಯಂತ್ರ ಎದ್ದಿತು. ತಲೆಯ ಮೇಲೆ ಏರಿ, ಮೂತಿ ತಗ್ಗಿಸಿ, ಬಯಲಿನಾಚೆ ಹೋಯಿತು. ಅದು ಚಿಕ್ಕದಾಗುವವರೆಗೂ ಅವನು ಕತ್ತೆತ್ತಿ ನೋಡುತ್ತಲೇ ಇದ್ದ. ಆಮೇಲೆ ಹೇಳಿದ:

"ಅವ್ವನಿಗೆ ಹೀಗೆ ಕಂಡಿರ್ಬೇಕು."

ಅವನು ನನ್ನ ಕಡೆ ತಿರುಗದೆ, "ನೀವು ಇದನ್ನ ನನಗೆ ತೋರಿಸ್ಬೇಕಾಗಿ ಬಂತಲ್ಲ ಅಕ್ಕಾ. ಗೊತ್ತಿಲ್ಲದೇ ಚೆನ್ನಾಗಿದ್ದೆ" ಎಂದ.

ಅಪ್ಪ ಇಳಿದು ಬಂದು ಉದಯನ ಭುಜ ಹಿಡಿದುಕೊಂಡ. "ಆಗ್ತಿರ್ಲಿಲ್ಲ" ಎಂದ. ಆಮೇಲೆ, "ಆದ್ರೂ ಇಳೀರಿ ಅಂದವ ನಾನೇ" ಎಂದ. ಉದಯ ಹೌದು ಎಂದು ತಲೆಯಾಡಿಸಿದ. ಇಬ್ಬರೂ ನಡೆದೇ ಪೇಟೆಗೆ ಹೋದರು. ನಾನು ಹಿಂದೆ ಬಂದೆ.

ಈಗ ಅಪ್ಪ ಉಣ್ಣುತ್ತಾನೆ. ಕೂತುಹಾರು ಬಿಚ್ಚಿಬಿಡಲೇ ಎಂದು ಕೇಳಿದ್ದಕ್ಕೆ, "ಬೇಡ, ಸ್ಪ್ರಿಂಗ್ ವಾಪಸ್ ಹಾಕು. ಆಟ ಅಂತ ಕೈಗೆ ಗೊತ್ತಿರ್ಲಿ" ಎಂದ. ಹಾಕಿಕೊಟ್ಟಿದ್ದೇನೆ. ಉದಯ ಮತ್ತೆ ಬಂದು ಹೋಗುತ್ತಾನೆ, ಅಪ್ಪನ ಜೊತೆ ಕೂತು ಮಾತಾಡುತ್ತಾನೆ. ಈಗ ಅವರು ಗುಲಾಬಿಯಮ್ಮನ ಹೆಸರು ಎತ್ತುತ್ತಾರೆ, ಆಕೆ ಮಾಡುತ್ತಿದ್ದ ಸಾರಿನ ಮಾತಾಡುತ್ತಾರೆ. ನಾನು ಚಹಾ ತಂದಿಟ್ಟರೆ ಲೋಟ ತೆಗೆದುಕೊಳ್ಳುತ್ತಾನೆ. ಅಕ್ಕಾ ಎಂದು ಕರೆಯುವುದನ್ನು ಬಿಟ್ಟಿದ್ದಾನೆ. ಅದನ್ನು ತಪ್ಪೆನ್ನಲು ನನಗೆ ಬಾಯಿಲ್ಲ.

ಹಿರಿಯರೇ, ನಿಮ್ಮ ಕಾಲದಲ್ಲಿ ಈ ಮನೆಯ ಯಂತ್ರಗಳು ಇನ್ನೂ ಎಳೆಯವು ಎಂದು ಕೇಳಿದ್ದೇನೆ. ಅವನ್ನು ನಿಜದಷ್ಟೇ ನಿಜ ಮಾಡಲು ನಿಮ್ಮಲ್ಲೂ ಯಾರೋ ನನ್ನ ಹಾಗೆ ಹಟ ಹಿಡಿದಿರಬಹುದು. ಮಾಡಲಿ, ಅದು ಕೆಟ್ಟ ಕೆಲಸವಲ್ಲ. ಆದರೆ ನಿಮ್ಮ ಮನೆಯಲ್ಲಿ ಯಾರಾದರೂ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾರಿ ಸೋತು ಬರುತ್ತಿದ್ದರೆ, ಪ್ರೀತಿಗೆಂದು ಲೆಕ್ಕಕ್ಕೆ ಕೈ ಹಾಕಬೇಡಿ. ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು ಕೂರಿ. ಎಂತಕ್ಕೆ ಅಲ್ಲಿಗೇ ಹೋಗುತ್ತೀ ಎಂದು ಕೇಳಿ, ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಿ. ನಾನು ಕೇಳಿದ್ದೆ, ಕೇಳಿಸಿಕೊಳ್ಳಲಿಲ್ಲ.

ನಿಮಗೆ ಒಳ್ಳೆಯದಾಗಲಿ.

ಇಂತು,
ಬೀರಮ್ಮ ಹಮ್ಮಣ್ಣ ನಾಯಕ