ಸಂಬಳಕ್ಕೆ ನರಳುವ ಕೆಲಸ

ನಮ್ಮ ಮನೆ, ಅಡುಗೆಮನೆಯ ಮೇಜು
ಮಾರ್ಚ್ ೮, ಭಾನುವಾರ ಬೆಳಗ್ಗೆ

ಪ್ರೀತಿಯ ಅತ್ತೆಯವರಿಗೆ, ಸೊಸೆಯ ನಮಸ್ಕಾರಗಳು.

ಹೇಗಿದ್ದೀರಿ? ಮಂಡಿನೋವು ಹೇಗಿದೆ? ಮೊಮ್ಮಗಳು ನಿಮ್ಮನ್ನು ಮಲಗಲು ಬಿಡುತ್ತಾಳೋ ಇಲ್ಲವೋ? ನಾದಿನಿ ಬಾಣಂತನ ಮುಗಿಸಿ ಚೇತರಿಸಿಕೊಂಡಿದ್ದಾಳೆ ಎಂದು ಅವಳೇ ಫೋನಿನಲ್ಲಿ ಹೇಳಿದಳು. ನಿಮ್ಮನ್ನು ಕೇಳಿದರೆ ಮಾತ್ರ ‘ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ’ ಎನ್ನುತ್ತೀರಿ, ಮರುಕ್ಷಣ ‘ದುಡ್ಡು ಓಡ್ತಾ ಇದೆ, ಇಡು’ ಎಂದು ಫೋನು ಇಟ್ಟೇಬಿಡುತ್ತೀರಿ. ಅದಕ್ಕೇ ಈ ಪತ್ರ. ನಾದಿನಿಯ ಮನೆಗೆ ಹೊರಟ ಬೆಳಗ್ಗೆ ನೀವು ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ಚೌಕಟ್ಟು ಹಿಡಿದು, ‘ಈಚೆಗೆ ಮೆಟ್ಟಿಲು ಹತ್ತೋವಾಗ ಎದೆ ಒಂಚೂರು ಹಿಡಿಯುತ್ತೆ ಕಣೆ. ಅದೇನಿಲ್ಲ ಬಿಡು, ಒಲೆ ಮೇಲೆ ಹಾಲಿದೆ ನೋಡು’ ಎಂದಿರಿ. ನಾನು ಒಲೆ ಆರಿಸಿ ಬರುವಷ್ಟರಲ್ಲಿ ನೀವು ಹತ್ತಿದ ಕಾರು ತಿರುವು ದಾಟಿತ್ತು. ಆಮೇಲೆ ಡಾಕ್ಟರಿಗೆ ತೋರಿಸಿ ಎಂದು ಎಷ್ಟು ಗೋಗರೆದರೂ ನಿಮ್ಮದು ಒಂದೇ ರಾಗ: ‘ಆ ದುಡ್ಡಲ್ಲಿ ನಿನ್ನ ಕಾಲೇಜು ಫೀಸು ಕಟ್ಟು.’ ಮದುವೆಯಾಗಿ ಐದು ವರ್ಷದ ಮೇಲೆ ನನ್ನನ್ನು ಕಾಲೇಜಿಗೆ ಸೇರಿಸಿದವರೇ ನೀವು, ನಿಮ್ಮೊಡನೆ ಜಗಳ ಆಡುವುದು ಹೇಗೆ? ಆದರೆ ನಿಮ್ಮ ಆ ನೆಪವನ್ನು ಕಿತ್ತು ಹಾಕಬಹುದಲ್ಲ. ಹಾಕಿದ್ದೇನೆ, ಕೇಳಿ.

ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಪಕ್ಕದ ಮೆಡಿಕಲ್ ಕಾಲೇಜಿನ ಪರೀಕ್ಷೆಗೆ ರೋಗಿಗಳಂತೆ ನಟಿಸುವವರು ಬೇಕು, ಸಂಬಳ ಉಂಟು, ಮಧ್ಯಾಹ್ನದ ಊಟವೂ ಉಂಟು. ಡಾಕ್ಟರಾಗಲಿರುವ ಮಕ್ಕಳು ಒಬ್ಬೊಬ್ಬರಾಗಿ ಬಂದು ಏನು ತೊಂದರೆ ಎಂದು ಕೇಳುತ್ತಾರೆ, ನಾವು ಹೇಳಿದ್ದರ ಮೇಲೆ ಕಾಯಿಲೆ ಕಂಡುಹಿಡಿಯಬೇಕು. ನಿಮ್ಮ ಮಗನಿಗೆ ಹೇಳಿದರೆ ‘ದುಡ್ಡು ಕೊಟ್ಟು ನರಳಿಸ್ತಾರಾ? ಮನೇಲಿ ಪುಕ್ಕಟೆ ನರಳ್ತೀಯಲ್ಲೇ’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ, ಪ್ರೆಸ್ಸಿನಿಂದ ಮಸಿ ಕೈಯಲ್ಲಿ ಸುಸ್ತಾಗಿ ಬರುವವರು ನಗುವುದೇ ಅಪರೂಪ. ತರಬೇತಿಯ ದಿನ ಎಲ್ಲರಿಗೂ ಒಂದೊಂದು ಕಾಯಿಲೆ ಹಂಚಿದರು. ಹೊಟ್ಟೆನೋವು ಸಿಕ್ಕ ಹುಡುಗನೊಬ್ಬ ನೆಲಕ್ಕೆ ಬಿದ್ದು ಹೊರಳಾಡಿ ಕುರ್ಚಿಯ ಕಾಲು ಮುರಿದ. ನನಗೆ ಬಂದ ಪಾತ್ರ ಅರವತ್ತು ದಾಟಿದ ಹೆಂಗಸು, ಮಂಡಿನೋವೆಂದು ಬಂದಿದ್ದಾಳೆ. ನಿಜವಾದ ತೊಂದರೆ ಎದೆಯದು, ಮೆಟ್ಟಿಲು ಹತ್ತಿದರೆ ಬಿಗಿಯುತ್ತದೆ, ಆದರೆ ಅದನ್ನು ಸುಲಭಕ್ಕೆ ಹೇಳುವವಳಲ್ಲ. ಓದುತ್ತಿದ್ದಂತೆ ನೀವು ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು.

ಆಮೇಲೆ ನಾನೇನು ಮಾಡಿದೆ ಗೊತ್ತೇ? ಕೋಪ ಮಾಡಿಕೊಳ್ಳಬೇಡಿ, ನಿಮ್ಮನ್ನೇ ಮಾಡಿದೆ. ತಲೆಗೆ ಪೌಡರು ಹಾಕಿ, ನಿಮ್ಮ ಹಳೆಯ ಶಾಲು ಹೊದ್ದು ಕುಳಿತೆ. ಯಾವಾಗಿಂದ ನೋವು ಎಂದರೆ ತಾರೀಖು ಹೇಳಲಿಲ್ಲ, ‘ಅವತ್ತು ನೆಂಟರು ಬಂದಿದ್ರಲ್ಲ, ಅದರ ಹಿಂದಿನ ದಿನ’ ಎಂದೆ. ಎಷ್ಟು ನೋವು ಎಂದರೆ ‘ಇರುತ್ತೆ, ಹೋಗುತ್ತೆ’ ಎಂದೆ. ನಡುನಡುವೆ ‘ಊಟ ಆಯ್ತೇನಪ್ಪಾ, ಎಷ್ಟು ಸೊರಗಿದೀಯ’ ಎಂದು ಅವರನ್ನೇ ವಿಚಾರಿಸಿಕೊಂಡೆ. ಮಕ್ಕಳು ಬೆವೆತುಹೋದರು. ಕೊನೆಗೆ ಎದ್ದು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಚೌಕಟ್ಟು ಹಿಡಿದು, ನೀವು ಅಂದ ಮಾತನ್ನು ನೀವು ಅಂದ ಹಾಗೆಯೇ ಅನ್ನುತ್ತಿದ್ದೆ, ಹಾಲೊಂದು ಬಿಟ್ಟು. ಒಬ್ಬ ಮಂಡಿಗೆ ಮುಲಾಮು ಬರೆದುಕೊಟ್ಟು ‘ಆಯ್ತಮ್ಮಾ, ಹೋಗಿ ಬನ್ನಿ’ ಎಂದ. ಇನ್ನೊಬ್ಬ ಅಷ್ಟರಲ್ಲೇ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡಿದ್ದ. ಹೀಗೆ ಸಾಲಾಗಿ ಬೇಸ್ತು ಬಿದ್ದರು. ಕಟ್ಟಕಡೆಗೆ ಬಂದವಳು ಒಬ್ಬ ಅಂಜುಬುರುಕಿ ಹುಡುಗಿ, ನಾನೇ ಅವಳಿಗೆ ನೀರು ಕೊಡಬೇಕೇನೋ ಅನ್ನುವ ಹಾಗಿದ್ದಳು. ನನ್ನ ಮಾತು ಕಿವಿಗೆ ಬಿದ್ದದ್ದೇ ಅವಳು ಕುರ್ಚಿ ಹಿಂದಕ್ಕೆ ತಳ್ಳಿ, ಬಾಗಿಲವರೆಗೂ ಬಂದು, ನನ್ನ ಮೊಣಕೈ ಹಿಡಿದುಕೊಂಡು, ‘ಅಮ್ಮಾ, ಬನ್ನಿ, ಕೂತ್ಕೊಳ್ಳಿ. ಇದನ್ನ ಮೊದಲಿಂದ ಹೇಳಿ’ ಎಂದಳು. ನನಗೆ ಕಣ್ಣು ತುಂಬಿಬಂತು, ಅತ್ತೆ. ಎಂಥಾ ನಟನೆ ಎಂದು ಎಲ್ಲರೂ ಹೊಗಳಿದರು. ಅದು ನಟನೆಯಾಗಿರಲಿಲ್ಲ.

ಪರೀಕ್ಷೆ ನಡೆಸುವ ಪ್ರೊಫೆಸರ್ ಹೃದಯದ ಡಾಕ್ಟರು, ಮುಖದಲ್ಲಿ ನಗು ಕಾಣದ ಹೆಂಗಸು. ನನ್ನನ್ನು ಕರೆದು, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರು. ನಮ್ಮತ್ತೆ ಹತ್ತಿರ ಎಂದೆ. ಅವರು ಮಕ್ಕಳ ಕಡೆ ತಿರುಗಿ ‘ಕುರ್ಚಿಯಲ್ಲಿ ಕೂತು ಹೇಳಿದ್ದನ್ನ ಬರ್ಕೊಳ್ಳಿ, ಬಾಗಿಲಲ್ಲಿ ನಿಂತು ಹೇಳಿದ್ದಕ್ಕೆ ಎದ್ದು ಹೋಗಿ’ ಎಂದರು. ನನ್ನನ್ನು ಇಡೀ ವರ್ಷಕ್ಕೆ ಗೊತ್ತು ಮಾಡಿಕೊಂಡಿದ್ದಾರೆ, ಸಂಬಳವನ್ನೂ ಏರಿಸಿದ್ದಾರೆ. ಬೇರೆಯವರಿಗೆ ಕಲಿಸುವ ಕೆಲಸವೂ ನನ್ನದೇ. ಕುರ್ಚಿ ಮುರಿದ ಹುಡುಗನಿಗೆ, ಪಾಪ, ಅತ್ತೆ ಇಲ್ಲ, ಅವನಿಗೂ ನಿಮ್ಮನ್ನೇ ಹೇಳಿಕೊಡುತ್ತಿದ್ದೇನೆ. ಲೆಕ್ಕಪತ್ರದ ಪಾಠ ಬಿಟ್ಟಿಲ್ಲ, ಹೆದರಬೇಡಿ. ಮುಂದಿನ ವರ್ಷದ ಫೀಸು ಕಟ್ಟಿ ಬಂದ ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ರಸೀದಿಯನ್ನು ನಿಮ್ಮ ಮಗ ಅಡುಗೆಮನೆಯ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತಾವೇ ಕಟ್ಟಿದ ಹಾಗೆ ತೋರಿಸುತ್ತಿದ್ದಾರೆ.

ಪುಟಾಣಿಯ ಎರಡೂ ಕೆನ್ನೆಗೆ ನನ್ನ ಮುತ್ತು ಕೊಡಿ. ನಾದಿನಿಗೆ ನೆನಪು ಹೇಳಿ. ನನ್ನ ತಲೆಯ ಮೇಲೆ ಕೈ ಇಡುವುದನ್ನು ಮಾತ್ರ ಪತ್ರದಲ್ಲಿ ಕಳಿಸಬೇಡಿ, ಎದುರಿಗೇ ಬೇಕು.

ನಿಮ್ಮ ಸೊಸೆ
(ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿನಿ, ಪಕ್ಕದ ಕಾಲೇಜಿನಲ್ಲಿ ನೀವು)

ಮತ್ತೊಂದು ಮಾತು: ಈ ಪತ್ರವನ್ನು ಅಂಚೆಗೆ ಹಾಕದೆ ನಿಮ್ಮ ಮಗನ ಕೈಯಲ್ಲೇ ಕೊಟ್ಟು ಕಳಿಸಿದ್ದು ಸುಮ್ಮನೆ ಅಲ್ಲ. ಇವತ್ತು ಸಂಜೆಯೊಳಗೆ ನಿಮ್ಮನ್ನು ಕರೆದುಕೊಂಡೇ ಬರಬೇಕೆಂದು ಹೇಳಿದ್ದೇನೆ. ನಾದಿನಿ ಒಪ್ಪಿ ನಿಮ್ಮ ಬಟ್ಟೆಬರೆ ಕಟ್ಟಿಟ್ಟಿದ್ದಾಳೆ, ಮಂಚದ ಕೆಳಗೆ ನೋಡಿ. ನಾಳೆ ಬೆಳಗ್ಗೆ ಆ ಪ್ರೊಫೆಸರೇ ನಿಮ್ಮನ್ನು ನೋಡುತ್ತಾರೆ. ಫೀಸು ಕಟ್ಟಿ ಉಳಿದ ಸಂಬಳದಲ್ಲಿ ಅವರ ಹಣವನ್ನೂ ಕಟ್ಟಿದ್ದೇನೆ, ವಾಪಸು ಕೊಡುವುದಿಲ್ಲವಂತೆ. ಅವರ ಕೋಣೆ ನೆಲಮಹಡಿಯಲ್ಲೇ ಇದೆ, ಮೆಟ್ಟಿಲಿಲ್ಲ. ಒಲೆಯ ಮೇಲೆ ಹಾಲೂ ಇಲ್ಲ. ಬನ್ನಿ ಅತ್ತೆ, ಕೂತ್ಕೊಳ್ಳಿ. ಮೊದಲಿಂದ ಹೇಳಿ.