ನಾಲಿಗಿ ಕೆಳಗಿನ ಹರಳು

ಬ್ಯಾಡಗಿ
ಬುಧವಾರ, 12 ಫೆಬ್ರುವರಿ 2025

ಪ್ರೀತಿಯ ಮೈಲವ್ವಗ,

ನಿನ್ನ ಸಾಜಿಯಾ ಮಾಡೋ ಸಲಾಮು. ನಾವೆಲ್ಲಾ ಇಲ್ಲಿ ಇದ್ದದ್ದರಾಗ ಆರಾಮ ಅದೇವಿ. ನೀನು, ನಿಮ್ಮಪ್ಪ, ಮಗಳು ಸುಶ್ಮಿತಾ ಆರಾಮ ಇದ್ದೀರಿ ಅಂತ ತಿಳಕೊಂಡೇನಿ. ಬರೀಬೇಕು ಬರೀಬೇಕು ಅಂತ ಹದಿನೈದು ದಿನ ಆತು, ತಡಾ ಆಗಿದ್ದಕ್ಕ ಬೈಬ್ಯಾಡ. ಫೋನ್ ಇರೂ ಕಾಲದಾಗ ಇಕಿ ಪತ್ರ ಯಾಕ ಬರದ್ಲು ಅಂತ ನಗಲೂಬ್ಯಾಡ. ಫೋನ್ ಹಚ್ಚಿದ್ನಲ್ಲ, "ಮಾಲತೇಶಪ್ಪ ಸರ್ ಸುದ್ದಿ ನನ್ನ ಮುಂದ ತಗೀಬ್ಯಾಡ" ಅಂದು ನೀ ಇಟ್ಟಬಿಟ್ಟಿ. ಪತ್ರ ಆದ್ರ ಹರದು ಒಗ್ಯಾಕಾದ್ರೂ ಕೈಯಾಗ ಹಿಡೀಬೇಕಲ್ಲ, ಅದಕ್ಕ ಬರದೇನಿ.

ಇವತ್ತು ನಂದು ವಾರದ ರಜಾ. ಎದ್ದು ಅರಿವಿ ಒಗದು ಹಾಕಿ ಕುಂತೇನಿ. ಮೆಣಸಿನಕಾಯಿ ಸೀಜನ್ ನೋಡು, ಊರಿಗೆ ಊರೇ ಕೆಮ್ಮತೈತಿ. ಸೋಮವಾರ, ಗುರುವಾರ ಪ್ಯಾಟಿ ದಿನ ನನ್ನ ಬಸ್ಸಿನಾಗ ಕಾಲಿಡಾಕ ಜಾಗಾ ಇರೂದಿಲ್ಲ. ಹೆಣ್ಮಕ್ಕಳಿಗೆ ಫ್ರೀ ಆದ್ರೂ ಟಿಕೆಟ್ ಹರೀಬೇಕು, ಒಬ್ಬೊಬ್ಬರ ಆಧಾರ ಕಾರ್ಡ್ ನೋಡಬೇಕು, "ನಮ್ಮನ್ನ ಕಳ್ಳರಂತ ತಿಳದೀಯೇನು" ಅಂತ ಅನ್ನಿಸಿಕೋಬೇಕು. ಬಲಗಡಿ ಮೊಣಕಾಲಾಗ ನೀರು ತುಂಬೇತಿ ಅಂತಾರ ಡಾಕ್ಟರು. ಒಂದು ಕಾಲಕ್ಕ ಇದೇ ಕಾಲು ಖೋ-ಖೋ ಕಂಬ ಮುಟ್ಟಿ ತಿರುಗಿದ್ರ ಯಾರ ಕೈಗೂ ಸಿಗತಿದ್ದಿಲ್ಲ ಅಂದ್ರ ಈಗ ನಮ್ಮ ಡ್ರೈವರ್ ಕಿರಣಕುಮಾರ ನಂಬೂದಿಲ್ಲ. ನಾನೂ ನಂಬಿಸಾಕ ಹೋಗೂದಿಲ್ಲ, ಸಾಕಾಗೇತಿ.

ಸರ್ ಹ್ವಾದ ಸುದ್ದಿ ನನಗ ಬಸ್ಸಿನಾಗೇ ತಿಳೀತು. ಕುಪ್ಪೇಲೂರಾಗ ಹತ್ತಿದ ಒಬ್ಬಾಕಿ, ಟಿಕೆಟ್ ತಗೋತ, "ನಿಮ್ಮ ಖೋ-ಖೋ ಮಾಸ್ತರು ಹ್ವಾದ್ರವ್ವಾ" ಅಂದ್ಲು. ಎಂಬತ್ತಕ್ಕ ಎರಡು ಕಡಿಮಿ ಇತ್ತು ಅವರಿಗೆ. ದಿನಾ ನಸುಕಿನ್ಯಾಗ ಹೊಲಗಳ ಕಡೆ ಅಡ್ಡಾಡಾಕ ಹೋಗೂದು ಬಿಟ್ಟಿದ್ದಿಲ್ಲ. ಅವತ್ತೂ ಹೋಗಿ ಬಂದು, ಕಟ್ಟಿ ಮ್ಯಾಲ ಕುಂತು, ಬೂಟಿನ ದಾರ ಬಿಚ್ಚಾಕ ಬಗ್ಗಿದವರು ಮತ್ತ ಏಳಲಿಲ್ಲಂತ. ನನ್ನ ಹಿಂದ ಇನ್ನೂ ಇಪ್ಪತ್ತು ಮಂದಿ ಟಿಕೆಟ್ ಕೇಳಾಕತ್ತಿದ್ರು. ಹರದು ಕೊಟ್ಟೆ. ರಾಣೆಬೆನ್ನೂರು ಸ್ಟ್ಯಾಂಡಿನಾಗ ಇಳದು ನಳದ ಮುಂದ ಮುಖ ತೊಳಕೊಂಡೆ, ಆವಾಗ ಅಳು ಬಂತು.

ನಿನಗ ಅಡವಿ ನೆನಪೈತೇನು? ನಾವು ಎಂಟನೇ ಇಯತ್ತೆದಾಗ ಇದ್ವಿ. ರವಿವಾರ ಬೆಳಕು ಹರಿಯೂದರಾಗ ಸರ್ ನಮ್ಮ ಖೋ-ಖೋ ತಂಡದ ಒಂಬತ್ತೂ ಮಂದೀನ ಚಿಗರಿ ನೋಡಾಕ ಕರಕೊಂಡು ಹೋಗತಿದ್ರು. ಅಡವಿ ಬಾಯಾಗ ನಿಂದ್ರಿಸಿ ಒಬ್ಬೊಬ್ಬರ ಅಂಗೈಗೆ ಒಂದೊಂದು ತೊಳದ ಹರಳು ಇಡತಿದ್ರು, ಕಡ್ಲಿಕಾಳಿಗಿಂತ ಒಂದೀಟು ದೊಡ್ಡದು. "ನಾಲಿಗಿ ಕೆಳಗ ಇಟ್ಕೋರಿ. ಮಾತಾಡಿದ್ರ ಬೀಳತೈತಿ, ಬಿದ್ದರ ಚಿಗರಿ ಓಡತಾವು." ಪೊದಿ ಹಿಂದ ಹೊಟ್ಟಿ ಮ್ಯಾಲ ಮಲಗಿ ತಾಸುಗಟ್ಟಲೆ ನೋಡತಿದ್ವಿ. ಕರೀ ಗಂಡು ಚಿಗರಿ ಬೆನ್ನಟ್ಟಿದಾಗ ಹೆಣ್ಣು ಹೆಂಗ ಒಮ್ಮೆಲೇ ಮಗ್ಗಲಾ ಬದಲಿ ಮಾಡತೈತಿ ಅನ್ನೂದನ್ನ ತೋರಿಸಿ, ಸೋಮವಾರ ಮೈದಾನದಾಗ ಅದನ್ನ ನಮ್ಮ ಕಡಿಂದ ಮಾಡಸ್ತಿದ್ರು. ನೀ ಒಮ್ಮೆ ಹರಳು ನುಂಗಿಬಿಟ್ಟಿದ್ದಿ. ಸರ್ ನಕ್ಕೋತ, "ಮೈಲಿ ಮಾತೆಲ್ಲಾ ಹೊಟ್ಟ್ಯಾಗ ಹ್ವಾದು, ನಾಳೆ ಮುಂಜಾನೆ ಬರ್ತಾವು ಬಿಡ್ರಿ" ಅಂದಿದ್ರು. ನನ್ನ ಹರಳು ಮಾತ್ರ ಮನಿ ಮುಟ್ಟೂತನಾ ಬಾಯಾಗೇ ಇರ್ತಿತ್ತು. "ಮಾತು ಹಿಡಕೊಳ್ಳೂದು ಸಾಜಿಯಾನ ನೋಡಿ ಕಲೀರಿ" ಅಂತ ಎಲ್ಲಾರ ಮುಂದ ಹೊಗಳಿದ್ರು.

ಹೊಳಿನೂ ಅವರೇ ತೋರಿಸಿದ್ದು. ಐರಣಿ ದಂಡಿ ಮ್ಯಾಲ ನಮ್ಮ ನಡಕ್ಕ ಒಣಗಿದ ಸೋರೆಬುರುಡಿ ಕಟ್ಟಿ ನೀರಿಗೆ ಬಿಡತಿದ್ರು. ತಾವು ಎದಿಮಟ ನೀರಾಗ ನಿಂತು, ಹಗ್ಗದ ಒಂದು ತುದಿ ಹಿಡಕೊಂಡಿರ್ತಿದ್ರು, ಕೈ ಮುಟ್ಟತಿದ್ದಿಲ್ಲ. ಅವರ ಮನಿಯಾಕಿ ನೀಲವ್ವಕ್ಕ ದಂಡಿಗೆ ನಮ್ಮ ಅರಿವಿ ಕಾಯ್ಕೋತ, ಮಂಡಕ್ಕಿ ಹಚ್ಚಿಕೋತ ಕುಂತಿರ್ತಿದ್ಲು. "ಹೆಣ್ಣುಮಕ್ಕಳಿಗೆ ಓಡಾಕ, ಈಸಾಕ ಬರಬೇಕು. ಉಳದದ್ದು ಆಮ್ಯಾಲ" ಅನ್ನೋರು ಸರ್. ಅವರು ಬಿಟ್ಟರ ನಮಗ ಹಂಗ ಹೇಳಿದವರು ಯಾರದಾರ ಹೇಳು?

ಒಂದು ಸಲ ನೀ ನೀರು ಕುಡದು, ಮೂರು ದಿನ ಜ್ವರ ಬಂದು ಮಲಗಿದಿ. ನಿಮ್ಮಪ್ಪ ಸೋಮಪ್ಪ ಕಾಕಾ ಪ್ಯಾಟ್ಯಾಗ ಚೀಲ ಹೊರೂದು ಬಿಟ್ಟು ಸೀದಾ ಮೈದಾನಕ್ಕ ಬಂದ. "ನನ್ನ ಮಗಳಿಗೆ ಏನರ ಆದ್ರ ಮ್ಯಾಲಿನವರಿಗೆ ಬರೀತೇನಿ ನೋಡ್ರಿ" ಅಂತ ಎಲ್ಲಾರೂ ಕೇಳೂ ಹಂಗ ಒದರಿದ. ಹೆಬ್ಬೆಟ್ಟು ಒತ್ತೋ ಮನಷ್ಯಾ, ಏನು ಬರೀತಾನ ಅಂತ ಸರ್ ನಗಲಿಲ್ಲ, ಕೈ ಮುಗದು ತಪ್ಪಾತು ಅಂದ್ರು. ಅದು ಆಗಿ ಎರಡು ತಿಂಗಳಿಗೆ ಆ ಮೂಕರ್ಜಿ ಹೋತು, ಕೆಳಗ ಹೆಸರಿಲ್ಲ, ಸಹಿ ಇಲ್ಲ. ಬೆಳೆದ ಹೆಣ್ಣುಮಕ್ಕಳನ್ನ ಅಡವಿ, ಹೊಳಿ ಅಂತ ತಿರಗಸ್ತಾರ ಅಂತ. ವಿಚಾರಣಾ ಮಾಡಾಕ ಧಾರವಾಡದಿಂದ ಸಾಹೇಬರು ಬಂದ್ರು. ಹದಿನೈದು ದಿನದಾಗ ಸರ್‌ಗೆ ಮೈದಾನನೇ ಇಲ್ಲದ ದೂರದ ಸಾಲಿಗೆ ವರ್ಗಾ ಆತು. ನಮ್ಮ ಆಟ ಅಲ್ಲಿಗೆ ಮುಗೀತು. ನಿನ್ನ ಹೆಸರು ರಾಜ್ಯ ತಂಡದ ಆಯ್ಕೆಗೆ ಹೋಗಿತ್ತು, ಕರಕೊಂಡು ಹೋಗೋರೇ ಇಲ್ಲದಾಂಗ ಆತು. ಮರುವರ್ಷ ನಿನ್ನ ಸಾಲಿ ಬಿಡಿಸಿ ಲಗ್ನ ಮಾಡಿದ್ರು.

ಊರವರೆಲ್ಲಾ ಸೋಮಪ್ಪ ಕಾಕಾನೇ ಬರಿಸ್ಯಾನ ಅಂದ್ರು. ಅರ್ಜಿಯ ಭಾಷಾ ಅರ್ಜಿ ಬರಿಯೋರ ಭಾಷಾ ಇತ್ತು. ತಾಲ್ಲೂಕು ಕಚೇರಿ ಮುಂದ ಹುಣಸಿಮರದ ಕೆಳಗ ಕುಂತು ಅರ್ಜಿ ಬರೀತಿದ್ದ ನಮ್ಮ ಅಬ್ಬಾ ಅಬ್ದುಲಗನಿನ್ನ ಸಾಹೇಬರು ಕರದು, ಅರ್ಜಿ ತೋರಿಸಿ ಕೇಳಿದ್ರು, "ಸೋಮಪ್ಪ ನಿನ್ನ ಕಡಿಂದ ಬರಿಸಿದ್ನೇನು?" ಅಬ್ಬಾ, "ಯಾರ ಅರ್ಜಿ ಯಾರು ಬರಿಸಿದ್ರು ಅಂತ ಹೇಳೂದು ನನ್ನ ದಂಧೆದಾಗ ಇಲ್ಲ" ಅಂದ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮಂದಿ ಹೌದು ಅಂತಲೇ ತಿಳಕೊಂಡ್ರು. ಕಾಕಾ ದೇವರಗುಡ್ಡದ ಗುಡಿಗೆ ಹೋಗಿ ಭಂಡಾರ ಮುಟ್ಟಿ ಆಣಿ ಮಾಡಿದ. ನಾನೂ ನಿನ್ನ ಬಾಜೂಕ ನಿಂತಿದ್ದೆ. ಕಾಕಾನ ಕೈಯೆಲ್ಲಾ ಅರಿಶಿಣ ಆಗಿತ್ತು. ತಿರುಗಿ ಬರುವಾಗ ಗಾಡ್ಯಾಗ ಯಾರೋ, "ತಪ್ಪು ಮಾಡಿದಾಂವನೇ ಮೊದಲ ಆಣಿ ಮಾಡತಾನ" ಅಂದ್ರು. ಅವತ್ತಿನಿಂದ ಕಾಕಾ ಮಂದಿ ನಡುವ ಕುಂತು ಚಾ ಕುಡದದ್ದು ನಾ ನೋಡಿಲ್ಲ.

ಸರ್ ನಿವೃತ್ತಿ ಆಗಿ ಕುಪ್ಪೇಲೂರಿಗೆ ಬಂದ ಮ್ಯಾಲ, ನನಗ ಆ ರೂಟ್ ಬಿದ್ದು ನಾಕು ವರ್ಷ ಆತು. ವಾರದಾಗ ಎರಡು ಸಲ ರಾಣೆಬೆನ್ನೂರಿಗೆ ಬರ್ತಿದ್ರು, ಬಾಗಲದ ಹತ್ತಿರದ ಸೀಟೇ ಬೇಕು. "ಏನವ್ವಾ ಸಾಜಿಯಾ, ಇಡೀ ದಿನ ನಿಂತೇ ಇರ್ತಿ, ಮೊಣಕಾಲು ಹುಷಾರು" ಅನ್ನೋರು. ನಿನ್ನ ಸುದ್ದಿ ಕೇಳದ ದಿನ ಇಲ್ಲ. ಹಾವೇರಿ ಹಾಸ್ಟೆಲ್ಲಿನಾಗ ಅಡಿಗಿ ಮಾಡತಾಳ್ರಿ, ದಿನಾ ಐದನೂರು ರೊಟ್ಟಿ ಬಡೀತಾಳ್ರಿ ಅಂದ್ರ ಕಿಡಕಿ ಹೊರಗ ನೋಡತಿದ್ರು. ಕಡೀ ಸಲ ಬಂದಾಗ ಸೋಮಪ್ಪ ಕಾಕಾನ ಸುದ್ದೀನೂ ತಗದ್ರು. ಇಳಿಯುವಾಗ ಬಸ್ಸಿನ ಪಾವಟಗಿ ಎತ್ತರ ಆತು ಅಂತ ನನ್ನ ಭುಜ ಹಿಡಕೊಂಡ್ರು, ಮೈಯಾಗ ಭಾರನೇ ಇದ್ದಿಲ್ಲ.

ಈಗ ಕೇಳು. ಇದೇ ತಿಂಗಳ ಇಪ್ಪತ್ತಮೂರಕ್ಕ, ರವಿವಾರ, ನಮ್ಮ ಹಳೇ ಸಾಲಿ ಮೈದಾನದಾಗ ಸರ್‌ಗೆ ನುಡಿನಮನ ಇಟ್ಟಾರ. ನೀಲವ್ವಕ್ಕಗ ಭಾಷಣ ಬ್ಯಾಡಂತ. "ಆ ಒಂಬತ್ತು ಹುಡಿಗೇರು ಅವತ್ತಿನ ಹಂಗ ಮೈದಾನದಾಗ ಸಾಲಾಗಿ ಕುಂತು ಒಂದು ನಿಮಿಷ ಸುಮ್ಮನಿರಲಿ, ಸಾಕು" ಅಂದಾಳ. ಹುಡಿಗೇರಂತ, ಎಲ್ಲಾರಿಗೂ ನಲವತ್ತೈದು. ಕುಕ್ಕರಗಾಲಿಲೆ ಕುಂತ್ರ ಮ್ಯಾಲ ಏಳಾಕ ಆಗೂದಿಲ್ಲ, ಕುರ್ಚಿ ಹಾಕ್ರಿ ಅಂತ ಹೇಳೇನಿ. ಎಂಟು ಮಂದಿ ಹೂಂ ಅಂದೇವಿ. ನೀ ಮಾತ್ರ ಫೋನ್ ಇಡೂದಕ್ಕ ಮೊದಲ, "ಮೂಕರ್ಜಿ ಸೋಮಪ್ಪನ ಮಗಳು ಬಂದ್ಲು ಅನ್ನಿಸಿಕೊಳ್ಳಾಕ ಬರಬೇಕೇನು" ಅಂದಿ. ನಿನ್ನ ಮಾತು ಖರೇ ಐತಿ. ಆದ್ರ ನೀಲವ್ವಕ್ಕ ಎರಡು ಸಲ ಕೇಳಿದ್ಲು, "ಮೈಲಿ ಬರ್ತಾಳಿಲ್ಲ?" ಅಂತ. ನಾ ಏನು ಹೇಳಲಿ? ಬರ್ತಾಳ್ರಿ ಅಂದುಬಿಟ್ಟೇನಿ.

ಸಾಕು, ಕೈ ನೋಯಾಕತ್ತೇತಿ. ಸುಶ್ಮಿತಾ ಪರೀಕ್ಷಾ ಚೊಲೋ ಮಾಡಲಿ. ನಿನ್ನ ಕೈಗೆ ಒಂದೀಟು ವಿಶ್ರಾಂತಿ ಸಿಗಲಿ. ನಿಮ್ಮಪ್ಪಗ ನಿದ್ದಿ ಬರಲಿ, ಕಾಲಬ್ಯಾನಿ ಕಡಿಮಿ ಆಗಲಿ. ಖುದಾ ನಿಮ್ಮ ಮನಿ ತಂಪಾಗಿಡಲಿ.

ಇಂತಿ ನಿನ್ನ ಗೆಣತಿ,
ಸಾಜಿಯಾ

ತಾ.ಕ.: ಲಕೋಟಿಗೆ ಅಂಟು ಹಚ್ಚಿದಾಕಿ ಮತ್ತ ಬಿಚ್ಚೇನಿ. ಮೈಲಿ, ಆ ಮೂಕರ್ಜಿ ಬರದಾಕಿ ನಾನು.

ಯಾರೂ ಬರಿಸಿದ್ದಲ್ಲ. ಸರ್ ಆಯ್ಕೆಗೆ ನಿನ್ನ ಹೆಸರೊಂದೇ ಕಳಿಸಿದ್ರಲ್ಲ, ಅವತ್ತು ನನ್ನ ಬಾಜೂಕ ಕರದು, "ನೀ ಆಕಿಗಿಂತ ಜೋರ ಓಡತಿ, ಖರೇ. ಆದ್ರ ಓಡುವಾಗ ಹಿಂದ ತಿರಗಿ ನೋಡತಿ. ಅದೊಂದು ಬಿಡು, ಮುಂದಿನ ವರ್ಷ ನಿನ್ನ ಪಾಳಿ" ಅಂದ್ರು. ನಾಕು ದಿನ ಊಟ ಸೇರಲಿಲ್ಲ. ಅಬ್ಬಾ ಬರದ ಅರ್ಜಿಗಳನ್ನ ಶುದ್ಧ ಅಕ್ಷರದಾಗ ಇನ್ನೊಮ್ಮೆ ಬರದುಕೊಡಾಕಿ ನಾನೇ ಅಲ್ಲ? "ಸದರಿ ಶಿಕ್ಷಕರು", "ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಲ್ಲಾ ಬಾಯಿಪಾಠ ಇತ್ತು. ಅಡವಿ ಬರದೆ, ಹೊಳಿ ಬರದೆ. ನೀಲವ್ವಕ್ಕ ದಂಡಿ ಮ್ಯಾಲ ಕುಂತಿರ್ತಿದ್ಲು ಅನ್ನೂದನ್ನ ಬರೀಲಿಲ್ಲ. ಸರ್‌ಗೆ ಯಾರರ ಒಂದು ಮಾತು ಬೈತಾರ, ಆಯ್ಕೆ ನಿಲ್ಲತೈತಿ, ಅಷ್ಟೇ ಅಂತ ತಿಳಕೊಂಡಿದ್ದೆ. ಹದಿನಾಕು ವರ್ಷದಾಕಿ ಅಂತ ನೀ ಅನಬಹುದು. ಅಂದೀ ಅಂತ ನಾ ಹಗರ ಆಗೂದಿಲ್ಲ.

ಸಾಹೇಬರ ಮುಂದ ಅರ್ಜಿ ನೋಡಿ ಬಂದ ದಿನ ಅಬ್ಬಾ ನನ್ನ ಕೈ ಹಿಡದು ಬೆರಳಿನ ಶಾಯಿ ನೋಡಿದ. ಮರುದಿನದಿಂದ ನನ್ನ ಕಡಿಂದ ಅರ್ಜಿ ಬರಸೂದು ಬಿಟ್ಟ. ಸಾಯೂತನಕ ಮತ್ತ ಬರಸಲಿಲ್ಲ.

ಸರ್ ಕಡೀ ಸಲ ಬಸ್ಸಿನಾಗ ಸೋಮಪ್ಪ ಕಾಕಾನ ಸುದ್ದಿ ತಗದ್ರು ಅಂದೆ, ಏನಂದ್ರು ಅಂತ ಮ್ಯಾಲ ಬರೀಲಿಲ್ಲ. ಹಿಂಗಂದ್ರು: "ಸೋಮಪ್ಪಗ ಹೇಳವ್ವಾ. ಹೆಣ್ಣು ಹಡದ ತಂದಿ, ಅಂಜಿ ಬರಿಸಿದ. ನಾ ಅದನ್ನ ಎಂದೋ ಬಿಟ್ಟೇನಿ. ಅವನ ಮ್ಯಾಲ ನಂದೇನೂ ಇಲ್ಲ." ನಾ "ಹೇಳತೇನ್ರಿ ಸರ್" ಅಂದು ಮುಂದಿನ ಸೀಟಿನವರಿಗೆ ಟಿಕೆಟ್ ಹರದೆ. ನಾಕು ವರ್ಷ ವಾರಕ್ಕ ಎರಡು ಸಲ ಎದುರಿಗೆ ಕುಂತಿದ್ರು ಮೈಲಿ, ಒಂದು ಮಾತು ಸಾಕಾಗಿತ್ತು. ಅವರು ಮಾಫ್ ಮಾಡಿ ಬಿಟ್ಟದ್ದನ್ನ ನಿಮ್ಮಪ್ಪಗ ಕೊಡಾಕ ಬರೂದಿಲ್ಲ, ಅಂವ ತಪ್ಪೇ ಮಾಡಿಲ್ಲ. ನಾ ಇಟಕೊಳ್ಳಾಕೂ ಬರೂದಿಲ್ಲ, ನನ್ನ ಹೆಸರು ಹಿಡದು ಬಿಟ್ಟದ್ದಲ್ಲ.

ಇದನ್ನ ನಿಮ್ಮಪ್ಪಗ ಓದಿ ಹೇಳು. ಕಿವಿ ಮಂದ ಆಗ್ಯಾವ ಅಂದಿದ್ದಿ, ಜೋರಾಗಿ ಓದು, ಬಾಜೂ ಮನಿಯವರು ಕೇಳಿದ್ರೂ ಚಿಂತಿ ಇಲ್ಲ. ನೀಲವ್ವಕ್ಕಗ ನಾಳೆ ಡ್ಯೂಟಿ ಮುಗಿಸಿ ಹೋಗಿ ಹೇಳತೇನಿ. ಇಪ್ಪತ್ತಮೂರಕ್ಕ ರಜಾ ಹಾಕೇನಿ, ಮುಂಜಾನೆ ಎಂಟಕ್ಕ ಹಾವೇರಿಗೆ ಬಂದು ನಿಮ್ಮ ಮನಿ ಮುಂದ ನಿಂದರ್ತೇನಿ. ಬಾಗಲಾ ತಗದ್ರ ಕಾಕಾನ ಕೈ ಹಿಡದು ಕರಕೊಂಡು ಹೋಗಿ, ಮೈಕಿನ ಮುಂದ ಎಲ್ಲಾರಿಗೂ ಹೇಳತೇನಿ. ತಗೀಲಿಲ್ಲಂದ್ರ ಒಬ್ಬಾಕೇ ಹೋಗಿ ಹೇಳತೇನಿ.

ಅವತ್ತು ಕೆಳಗ "ನೊಂದ ಪಾಲಕರು" ಅಂತ ಬರದು ಬಿಟ್ಟಿದ್ದೆ. ಇದಕ್ಕ ಸಹಿ ಮಾಡೇನಿ.

ಸಾಜಿಯಾ, ಅಬ್ದುಲಗನಿ ಮಗಳು